ಸುಡದ ಬೆಳಕು, ಮಾಯುವ ಹುಣ್ಣು

ಶಸ್ತ್ರಚಿಕಿತ್ಸೆಯಲ್ಲಿ ಮಾಂಸವನ್ನು ಕತ್ತರಿಸುವ ಲೇಸರ್ ಕಿರಣದ ಹೆಸರನ್ನು ಕೇಳದವರು ವಿರಳ. ಅದೇ ಕಿರಣವನ್ನು ಬಿಸಿ ತಾಗದಷ್ಟು ಮಂದವಾಗಿಸಿ ಮೈಮೇಲೆ ಹಾಯಿಸಿದರೆ ಗಾಯ ಮಾಯಲು ನೆರವಾಗುತ್ತದೆಂಬ ಸಂಗತಿ ಮಾತ್ರ ಅಷ್ಟು ಪ್ರಸಿದ್ಧವಲ್ಲ.

ಇದು ತಿಳಿದುಬಂದದ್ದು ಆಕಸ್ಮಿಕವಾಗಿ. ಲೇಸರಿನಿಂದ ಕ್ಯಾನ್ಸರ್ ಉಂಟಾಗುವುದೋ ಎಂಬುದನ್ನು ಪರೀಕ್ಷಿಸಲು ಹಂಗೇರಿಯ ಬುಡಾಪೆಸ್ಟ್ ನಗರದ ವೈದ್ಯ ಎಂಡ್ರೆ ಮೆಸ್ಟರ್ ಅವರು 1967ರಲ್ಲಿ ಇಲಿಗಳ ಕೂದಲು ಬೋಳಿಸಿ ಮಂದ ಕಿರಣವನ್ನು ಹಾಯಿಸಿದರು. ಕ್ಯಾನ್ಸರ್ ಬರಲಿಲ್ಲ; ಬದಲಾಗಿ, ಕಿರಣ ಬಿದ್ದ ಇಲಿಗಳಲ್ಲಿ ಕೂದಲು ಬೇಗನೆ ಬೆಳೆಯಿತು. ಮುಂದೆ ಅವರು ಬಹುಕಾಲ ಮಾಯದೆ ಉಳಿದ ಹುಣ್ಣುಗಳಿಗೂ ಇದನ್ನು ಪ್ರಯೋಗಿಸಿದರು.

ನಮ್ಮ ಜೀವಕೋಶಗಳೊಳಗೆ ಮೈಟೊಕಾಂಡ್ರಿಯಾ ಎಂಬ ಸೂಕ್ಷ್ಮ ಅಂಗಗಳಿವೆ. ಉಂಡ ಅನ್ನದ ಸಾರವನ್ನು ಪ್ರಾಣವಾಯುವಿನ ನೆರವಿನಿಂದ ಶಕ್ತಿಯಾಗಿ ಮಾರ್ಪಡಿಸುವ ಒಲೆಗಳೆಂದರೆ ಇವೇ. ಇವುಗಳಲ್ಲಿರುವ ಸೈಟೋಕ್ರೋಮ್ ಸಿ ಆಕ್ಸಿಡೇಸ್ ಎಂಬ ಕಿಣ್ವವು ಕೆಂಪು ಕಿರಣವನ್ನೂ ಕಣ್ಣಿಗೆ ಕಾಣದ ಅವಗೆಂಪು ಕಿರಣವನ್ನೂ ಹೀರಿಕೊಳ್ಳುತ್ತದೆ. ಬಳಲಿದ ಕೋಶದಲ್ಲಿ ನೈಟ್ರಿಕ್ ಆಕ್ಸೈಡ್ ಈ ಕಿಣ್ವಕ್ಕೆ ಅಂಟಿ ಅದರ ಕೆಲಸವನ್ನು ತಡೆದಿರುತ್ತದೆ. ಬೆಳಕು ಆ ತಡೆಯನ್ನು ಬಿಡಿಸುತ್ತದೆ ಎಂಬುದು ವಿಜ್ಞಾನಿಗಳಲ್ಲಿ ಹೆಚ್ಚು ಪ್ರಚಲಿತವಾದ ವಿವರಣೆ. ಬೆಳಕು ಹೆಚ್ಚಿದಷ್ಟೂ ಗುಣ ಹೆಚ್ಚೆಂದು ಭಾವಿಸಬಾರದು. ಪ್ರಮಾಣ ಮೀರಿದರೆ ಫಲ ಕುಗ್ಗುತ್ತದೆ.

ಈ ಚಿಕಿತ್ಸೆಗೆ ಗಟ್ಟಿಯಾದ ಆಧಾರ ದೊರೆತಿರುವುದು ಕ್ಯಾನ್ಸರ್ ರೋಗಿಗಳ ಬಾಯಿಹುಣ್ಣಿನ ವಿಷಯದಲ್ಲಿ. ಬಾಯಿ, ಗಂಟಲುಗಳಿಗೆ ವಿಕಿರಣ ಚಿಕಿತ್ಸೆ ಪಡೆಯುವವರಿಗೆ ಒಳಗೆಲ್ಲ ಹುಣ್ಣೆದ್ದು ಗುಟುಕು ಗಂಜಿಯೂ ಇಳಿಯದಾಗುತ್ತದೆ. ನೋವು ತಾಳಲಾರದೆ ಚಿಕಿತ್ಸೆಯನ್ನೇ ನಡುವೆ ನಿಲ್ಲಿಸುವ ಪ್ರಸಂಗ ಬರುತ್ತದೆ; ಆಗ ರೋಗದ ಕೈ ಮೇಲಾಗುತ್ತದೆ. ನಮ್ಮ ಮಣಿಪಾಲದಲ್ಲಿ ಇಂಥ 221 ರೋಗಿಗಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕೆಂಪು ಲೇಸರ್ ಪಡೆದವರಿಗೆ ತೀವ್ರ ಹುಣ್ಣೂ ನೋವೂ ಕಡಿಮೆಯಾದುವು. ಬ್ರಿಟನ್ನಿನ ಆರೋಗ್ಯ ಮಾರ್ಗದರ್ಶಿ ಸಂಸ್ಥೆಯಾದ ನೈಸ್ 2018ರಲ್ಲಿ ಈ ಬಳಕೆಗೆ ಸಮ್ಮತಿಯಿತ್ತಿತು. ಮನೆಯಲ್ಲಿ ಯಾರಿಗಾದರೂ ಇಂಥ ವಿಕಿರಣ ಚಿಕಿತ್ಸೆ ನಿಶ್ಚಯವಾಗಿದ್ದರೆ, ಈ ಸೌಲಭ್ಯವುಂಟೇ ಎಂದು ಚಿಕಿತ್ಸೆ ಆರಂಭವಾಗುವ ಮುನ್ನವೇ ವೈದ್ಯರನ್ನು ವಿಚಾರಿಸುವುದು ಲೇಸು. ಹುಣ್ಣು ಏಳದಂತೆ ತಡೆಯುವುದೇ ಇದರ ಮುಖ್ಯ ಉಪಯೋಗ.

ತಲೆಗೂದಲು ಉದುರುವಿಕೆಗೆ ಬಾಚಣಿಗೆಯಾಕಾರದ ಲೇಸರ್ ಉಪಕರಣವೊಂದಕ್ಕೆ ಅಮೆರಿಕೆಯಲ್ಲಿ 2007ರಲ್ಲಿ ಅನುಮತಿ ದೊರೆಯಿತು. ಕೀಲುನೋವಿಗೂ ಈ ಬೆಳಕನ್ನು ಬಳಸುವರು. ಅಲ್ಲಿ ಫಲಿತಾಂಶಗಳು ಏಕರೂಪವಾಗಿಲ್ಲ. ಆದರೆ ಬೊಜ್ಜು, ಮರೆವು, ಮಧುಮೇಹ ಎಲ್ಲಕ್ಕೂ ಒಂದೇ ದೀಪವೆಂದು ಸಾರಿ ಸಾವಿರಾರು ರೂಪಾಯಿಗಳ ಯಂತ್ರ ಮಾರುವವರ ಮಾತು ಬೇರೆ. ಮಧುಮೇಹಿಗಳು ಕಾಲಿನ ಹುಣ್ಣಿಗೆ ಇದನ್ನೇ ನಂಬಿ ಔಷಧವನ್ನೂ ಪಟ್ಟಿ ಕಟ್ಟುವುದನ್ನೂ ಬಿಟ್ಟರೆ ಕಾಲನ್ನೇ ಕಳೆದುಕೊಳ್ಳಬೇಕಾದೀತು. ಮಂದವಾದರೂ ಲೇಸರ್ ಲೇಸರೇ: ಕಿರಣ ನೇರವಾಗಿ ಕಣ್ಣಿಗೆ ಬೀಳಕೂಡದು, ರಕ್ಷಕ ಕನ್ನಡಕ ಕಡ್ಡಾಯ.