ನಿಮಗಿದು ಗೊತ್ತೆ? ಅಶೋಕನ ಹೆಸರು ಹೇಳಿದ ಮಸ್ಕಿ ಬಂಡೆ

ಕೃಷ್ಣಾ, ತುಂಗಭದ್ರಾ ನದಿಗಳ ನಡುವಿನ ಎಡೆದೊರೆ ನಾಡಿನಲ್ಲಿದೆ ರಾಯಚೂರು ಜಿಲ್ಲೆಯ ಮಸ್ಕಿ. ಇಲ್ಲಿನ ದುರ್ಗದ ಗುಡ್ಡದ ಬಂಡೆಯೊಂದರ ಮೇಲೆ ಬ್ರಾಹ್ಮೀ ಲಿಪಿ, ಪ್ರಾಕೃತ ಭಾಷೆಯ ಅಶೋಕನ ಶಾಸನವಿದೆ. 1915ರಲ್ಲಿ ಇದನ್ನು ಪತ್ತೆಹಚ್ಚಿದವರು ಚಿನ್ನದ ಜಾಡು ಹಿಡಿದು ಬಂದಿದ್ದ ಗಣಿ ಎಂಜಿನಿಯರ್ ಸಿ. ಬೀಡನ್!

ಅಲ್ಲಿಯವರೆಗೆ ಸಿಕ್ಕಿದ್ದ ಶಾಸನಗಳಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳಷ್ಟೇ ಇದ್ದವು. ‘ಅಶೋಕ’ ಎಂಬ ಹೆಸರು ಮೊದಲ ಬಾರಿಗೆ ಕಂಡದ್ದು ಇಲ್ಲಿಯೇ. ಆ ಬಿರುದುಗಳನ್ನು ಹೊತ್ತ ಅರಸ ಮೌರ್ಯ ಅಶೋಕನೇ ಎಂಬುದು ಇದರಿಂದ ಖಚಿತವಾಯಿತು.

ಬೀಡನ್ ಅರಸುತ್ತಿದ್ದ ಚಿನ್ನವೂ ದೂರವಿರಲಿಲ್ಲ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಸುಮಾರು 2,000 ವರ್ಷಗಳ ಹಿಂದೆಯೇ ಗಣಿ ತೋಡಿದ ಕುರುಹುಗಳಿವೆ. ಅಲ್ಲಿ ಇಂದಿಗೂ ಚಿನ್ನದ ಅದಿರು ತೆಗೆಯುತ್ತಾರೆ.