ಇಂಟರ್ನೆಟ್ಟಿಗೂ ಹೌಸ್‌ಫುಲ್ ಬೋರ್ಡ್

ಬೆಂಗಳೂರು ಅಂತರರಾಷ್ಟ್ರೀಯ ಚಿತ್ರೋತ್ಸವದ 12ನೇ ಆವೃತ್ತಿ ಮುಗಿದದ್ದು 2020ರ ಮಾರ್ಚ್ 4ಕ್ಕೆ. ಹತ್ತು ದಿನ ಕಳೆಯುವಷ್ಟರಲ್ಲಿ ಕೋವಿಡ್‌ನಿಂದಾಗಿ ರಾಜ್ಯದ ಮಾಲ್‌ಗಳಿಗೂ ಥಿಯೇಟರುಗಳಿಗೂ ಬೀಗ ಬಿತ್ತು. ಬೆಂಗಳೂರು ಕೂದಲೆಳೆಯಲ್ಲಿ ಪಾರಾಯಿತು. ಡೆನ್ಮಾರ್ಕಿನ ಕೋಪನ್‌ಹೇಗನ್‌ಗೆ ಆ ಅದೃಷ್ಟ ಇರಲಿಲ್ಲ. ಅಲ್ಲಿನ ಸಾಕ್ಷ್ಯಚಿತ್ರೋತ್ಸವ ‘ಸಿಪಿಎಚ್ ಡಾಕ್ಸ್’ ಶುರುವಾಗಬೇಕಿದ್ದದ್ದು ಮಾರ್ಚ್ 18ಕ್ಕೆ. ಮಾರ್ಚ್ 11ರಂದು ಅಲ್ಲಿನ ಪ್ರಧಾನಿ ಲಾಕ್‌ಡೌನ್ ಘೋಷಿಸಿದರು. ಸಂಘಟಕರು ಉತ್ಸವವನ್ನು ರದ್ದು ಮಾಡಲಿಲ್ಲ. ಉಳಿದಿದ್ದ ಒಂದೇ ವಾರದಲ್ಲಿ ಚಿತ್ರಗಳ ಒಡೆಯರಿಂದ ಹೊಸದಾಗಿ ಒಪ್ಪಿಗೆ ಪಡೆದು, ಒಪ್ಪಿದವರ ಚಿತ್ರಗಳನ್ನು ಜನರ ಮನೆಗೇ ತಲುಪಿಸಿದರು. ಮುಂದಿನ ಎರಡು ವರ್ಷ ಜಗತ್ತಿನ ಎಷ್ಟೋ ಉತ್ಸವಗಳು ಹಿಡಿದದ್ದು ಇದೇ ದಾರಿ.

ಲಿಂಕ್ ಕಳಿಸಿದರೆ ಮುಗಿಯಿತಲ್ಲ, ಇದರಲ್ಲೇನು ಮಹಾ ಕೆಲಸ ಎನ್ನಿಸಬಹುದು. ಕೆಲಸ ಇರುವುದು ಎಲ್ಲರಿಗೂ ತೋರಿಸುವುದರಲ್ಲಲ್ಲ, ಎಲ್ಲರಿಗೂ ತೋರಿಸದೇ ಇರುವುದರಲ್ಲಿ. ಉತ್ಸವಕ್ಕೆ ಬರುವ ಬಹುಪಾಲು ಚಿತ್ರಗಳು ಇನ್ನೂ ಮಾರಾಟವಾಗಿರುವುದಿಲ್ಲ. ಯಾವ ದೇಶದಲ್ಲಿ ಯಾರು ಬಿಡುಗಡೆ ಮಾಡಬೇಕು ಎಂಬ ಮಾತುಕತೆ ನಡೆಯುವುದೇ ಉತ್ಸವದ ಅಂಗಳದಲ್ಲಿ. ಅಷ್ಟರೊಳಗೆ ಜಗತ್ತೆಲ್ಲ ನೋಡಿಬಿಟ್ಟರೆ ಕೊಳ್ಳುವವರು ಯಾರು? ಒಂದು ಕಳ್ಳ ಕಾಪಿ ಹೊರಬಿದ್ದರೂ ನಾಲ್ಕೈದು ವರ್ಷದ ದುಡಿಮೆ ಮಣ್ಣುಪಾಲು.

ಥಿಯೇಟರಿನಲ್ಲಿ ಈ ಕಾವಲು ತಾನಾಗಿಯೇ ಇರುತ್ತದೆ. ನಾಲ್ಕು ಗೋಡೆ, ಎಣಿಸಿಟ್ಟ ಸೀಟು, ಬಾಗಿಲಲ್ಲಿ ಪಾಸ್ ನೋಡುವ ಹುಡುಗರು. ಚಿತ್ರದ ಫೈಲ್ ಹಾರ್ಡ್ ಡಿಸ್ಕಿನಲ್ಲಿ ಬಂದರೂ ಅದನ್ನು ತೆರೆಯುವ ಡಿಜಿಟಲ್ ಕೀಲಿ ಪ್ರತ್ಯೇಕವಾಗಿ ಬರುತ್ತದೆ, ಗೊತ್ತಾದ ಥಿಯೇಟರಿನಲ್ಲಿ ಗೊತ್ತಾದ ಸಮಯಕ್ಕಷ್ಟೇ ನಡೆಯುತ್ತದೆ. ಇಂಟರ್ನೆಟ್ಟಿನಲ್ಲಿ ಈ ಗೋಡೆಗಳನ್ನೆಲ್ಲ ಮೊದಲಿನಿಂದ ಕಟ್ಟಬೇಕಾಯಿತು. ನೋಡುಗರ ಕಂಪ್ಯೂಟರ್ ಯಾವ ದೇಶದಲ್ಲಿದೆ ಎಂದು ಐಪಿ ವಿಳಾಸದಿಂದ ಪತ್ತೆ ಹಚ್ಚಿ ಹೊರಗಿನವರನ್ನು ತಡೆಯುವ ಜಿಯೊ ಬ್ಲಾಕಿಂಗ್ ಬಂತು. ಚಿತ್ರಕ್ಕೆ ಇಂತಿಷ್ಟೇ ಟಿಕೆಟ್ ಎಂಬ ಮಿತಿ ಬಂತು. ಸ್ಕ್ರೀನ್ ರೆಕಾರ್ಡ್ ಮಾಡಲು ಹೋದರೆ ಕಪ್ಪು ಪರದೆ ಕಾಣಿಸುವ ಡಿಆರ್‌ಎಂ, ಕದ್ದರೆ ಯಾರ ಖಾತೆಯಿಂದ ಸೋರಿತು ಎಂದು ಹೇಳಿಬಿಡುವ ಗುಪ್ತ ವಾಟರ್‌ಮಾರ್ಕ್ ಜೊತೆಯಾದವು. ಇವನ್ನೆಲ್ಲ ಸಿದ್ಧ ವೇದಿಕೆಯಾಗಿ ಒದಗಿಸುವ ನ್ಯೂಜಿಲೆಂಡಿನ ಶಿಫ್ಟ್72, ಅಮೆರಿಕದ ಇವೆಂಟಿವ್‌ನಂಥ ಕಂಪನಿಗಳಿಗೆ ಆಗ ಬಿಡುವೇ ಇರಲಿಲ್ಲ. ಹೀಗೆ ಕೊನೆಯಿಲ್ಲದ ಇಂಟರ್ನೆಟ್ಟಿಗೂ ಹೌಸ್‌ಫುಲ್ ಬೋರ್ಡ್ ನೇತುಬಿದ್ದಿತು.

2021ರ ಜನವರಿಯಲ್ಲಿ ಅಮೆರಿಕದ ಸನ್‌ಡಾನ್ಸ್ ಇದನ್ನು ಅತ್ಯಂತ ಶಿಸ್ತಾಗಿ ಮಾಡಿತು. ಪ್ರತಿ ಪ್ರೀಮಿಯರ್‌ಗೂ ಗೊತ್ತಾದ ಗಂಟೆ, ಮುಗಿದ ಕೂಡಲೇ ನಿರ್ದೇಶಕರ ಜೊತೆ ನೇರ ಮಾತುಕತೆ, ತಪ್ಪಿಸಿಕೊಂಡವರಿಗೆ ಎರಡು ದಿನ ಬಿಟ್ಟು ಇನ್ನೊಂದು ಅವಕಾಶ. ‘ಕೋಡಾ’ ಚಿತ್ರವನ್ನು ಆಪಲ್ ಕಂಪನಿ ಸುಮಾರು 2.5 ಕೋಟಿ ಡಾಲರಿಗೆ ಕೊಂಡದ್ದು ಅದೇ ಉತ್ಸವದಲ್ಲಿ. ಉತ್ತರ ಪ್ರದೇಶದ ದಲಿತ ಪತ್ರಕರ್ತೆಯರ ‘ಖಬರ್ ಲಹರಿಯಾ’ ಬಗ್ಗೆ ರಿಂಟು ಥಾಮಸ್ ಮತ್ತು ಸುಷ್ಮಿತ್ ಘೋಷ್ ಮಾಡಿದ ‘ರೈಟಿಂಗ್ ವಿತ್ ಫೈರ್’ ಪ್ರೇಕ್ಷಕರ ಪ್ರಶಸ್ತಿ ಗೆದ್ದದ್ದೂ ಅಲ್ಲೇ. ಆದರೆ ಕಥಾಚಿತ್ರ, ಸಾಕ್ಷ್ಯಚಿತ್ರಗಳಿಗೆ ಅಮೆರಿಕದ ಗಡಿ ಹಾಕಿದ್ದರು. ನಮ್ಮದೇ ಹೆಣ್ಣುಮಕ್ಕಳ ಕತೆಯನ್ನು ಅಮೆರಿಕದವರು ಸೋಫಾದ ಮೇಲೆ ಕೂತು ನೋಡಿದರು, ನಾವು ಪ್ರಶಸ್ತಿಯ ಸುದ್ದಿ ಓದಿದೆವು. ಅಂತರರಾಷ್ಟ್ರೀಯ ಎಂದು ಹೆಸರಿಟ್ಟುಕೊಂಡ ಉತ್ಸವಗಳು ಆನ್‌ಲೈನಿಗೆ ಬಂದ ಮೇಲೆ ಹಿಂದೆಂದಿಗಿಂತ ದೇಶೀಯವಾದದ್ದು ಈ ಕಾಲದ ದೊಡ್ಡ ವಿಪರ್ಯಾಸ.

ಗೋಡೆಯಿಲ್ಲದ ಪ್ರಯೋಗವೂ ನಡೆಯಿತು. 2020ರ ಮೇ 29ರಿಂದ ಹತ್ತು ದಿನ ನ್ಯೂಯಾರ್ಕಿನ ಟ್ರೈಬೆಕಾ ಮುಂದಾಳುತನದಲ್ಲಿ ಮುಂಬೈ ಉತ್ಸವವೂ ಸೇರಿ ಇಪ್ಪತ್ತಕ್ಕೂ ಹೆಚ್ಚು ಚಿತ್ರೋತ್ಸವಗಳು ಯೂಟ್ಯೂಬಿನಲ್ಲಿ ‘ವಿ ಆರ್ ಒನ್’ ನಡೆಸಿದವು, ಪೂರ್ತಿ ಉಚಿತವಾಗಿ. ಪ್ರತೀಕ್ ವತ್ಸ್ ಅವರ ‘ಈಬ್ ಅಲೇ ಊ!’ ಅನ್ನು ಅನೇಕರು ನೋಡಿದ್ದು ಹಾಗೆ. ಆದರೆ ಉಚಿತವಾಗಿ ಕೊಡಲು ಎಷ್ಟು ಜನ ಹೊಸ ಚಿತ್ರವನ್ನು ಬಿಟ್ಟಾರು?

ಸ್ವೀಡನ್ನಿನ ಗೋಥನ್‌ಬರ್ಗ್ ಉತ್ಸವದ ಪ್ರಯೋಗ ನನಗೆ ಎಲ್ಲಕ್ಕಿಂತ ಇಷ್ಟ. 2021ರಲ್ಲಿ ಚಿತ್ರಗಳನ್ನು ಆನ್‌ಲೈನಿಗೆ ಹಾಕಿದ ಅವರು ಒಬ್ಬರೇ ಒಬ್ಬ ಪ್ರೇಕ್ಷಕರನ್ನು ಪಾಟರ್ ನೋಸ್ಟರ್ ಎಂಬ ದೀಪಸ್ತಂಭವಿರುವ ಸಮುದ್ರದ ನಡುವಿನ ಬಂಡೆಗೆ ಕಳಿಸಿದರು. ಫೋನಿಲ್ಲ, ಪುಸ್ತಕವಿಲ್ಲ, ಒಂದು ವಾರ ಬರೀ ಸಿನಿಮಾ. ಸುಮಾರು 12 ಸಾವಿರ ಅರ್ಜಿಗಳಲ್ಲಿ ಆಯ್ಕೆಯಾದವರು ಕೋವಿಡ್ ಕೆಲಸದಲ್ಲಿ ದಣಿದಿದ್ದ ಒಬ್ಬ ನರ್ಸ್. ಪ್ರಚಾರದ ತಂತ್ರವೇ ಇರಬಹುದು, ಇರಲಿ. ಉತ್ಸವದಲ್ಲಿ ಅಕ್ಕಪಕ್ಕದವರಿಲ್ಲದಿದ್ದರೆ ಏನಾಗುತ್ತದೆ ಎಂದು ಅಷ್ಟು ನೇರವಾಗಿ ಕೇಳಿದವರು ಬೇರೆ ಯಾರೂ ಇರಲಿಲ್ಲ. ಕುಕ್ಕರ್ ಕೂಗಿದಾಗ ಪಾಜ್ ಬಟನ್ ಒತ್ತಿ ಎದ್ದು ಹೋಗುವ ಪ್ರೇಕ್ಷಕ, ಇರಾನಿನ ಚಿತ್ರದ ಮೌನವನ್ನು ಹೇಗೆ ನೋಡಿಯಾನು?

ಕೆಲವರು ಹಟ ಬಿಡಲಿಲ್ಲ. ಕೇರಳ ತನ್ನ 25ನೇ ಉತ್ಸವವನ್ನು ತಿರುವನಂತಪುರ, ಕೊಚ್ಚಿ, ತಲಶ್ಶೇರಿ, ಪಾಲಕ್ಕಾಡ್‌ಗಳಿಗೆ ಹಂಚಿ ಥಿಯೇಟರಿನಲ್ಲೇ ನಡೆಸಿತು. ಪೃಥ್ವಿ ಕೊಣನೂರು ಅವರ ‘ಪಿಂಕಿ ಎಲ್ಲಿ?’ ಆಯ್ಕೆಯಾಗಿದ್ದ 2020ರ ಬೂಸಾನ್ ಉತ್ಸವ ವಿದೇಶಿ ಅತಿಥಿಗಳಿಲ್ಲದೆ ಪ್ರತಿ ಚಿತ್ರವನ್ನು ಒಂದೇ ಸಲ ತೋರಿಸಿತು. ಗೋವಾದ ಇಫಿ 2021ರ ಜನವರಿಗೆ ಮುಂದೆ ಹೋಗಿ ಅರ್ಧ ಥಿಯೇಟರ್, ಅರ್ಧ ಆನ್‌ಲೈನ್ ಆಯಿತು. ಬೆಂಗಳೂರು ಉತ್ಸವ ಮತ್ತೆ ನಡೆದದ್ದು 2022ರ ಮಾರ್ಚಿನಲ್ಲಿ.

ಆನ್‌ಲೈನಿನಿಂದ ನಿಜಕ್ಕೂ ಗೆದ್ದವರು ಸಣ್ಣ ಚಿತ್ರದವರು, ದೂರದ ಊರಿನವರು. ರಿತು ಸರಿನ್, ತೆಂಜಿಂಗ್ ಸೋನಂ ಕಟ್ಟಿದ ಧರ್ಮಶಾಲಾ ಉತ್ಸವಕ್ಕೆ ಬೆಟ್ಟ ಹತ್ತಿ ಹೋಗಬೇಕಿತ್ತು, 2020ರಲ್ಲಿ ಅದು ಮನೆಗೆ ಬಂತು. ನಾಪತ್ತೆಯಾದ ಕೋಳಿಯ ಹಿಂದೆ ಬಿದ್ದ ಮಲೆನಾಡಿನ ಅಜ್ಜ, ಅಜ್ಜಿಯ ಕತೆ ಹೇಳುವ ಅಭಿಲಾಷ್ ಶೆಟ್ಟಿ ಅವರ ‘ಕೋಳಿ ತಾಳ್’ 2021ರಲ್ಲಿ ಆನ್‌ಲೈನಾಗಿಯೇ ನಡೆದ ನ್ಯೂಯಾರ್ಕ್ ಭಾರತೀಯ ಚಿತ್ರೋತ್ಸವದಲ್ಲಿ ಮೊದಲ ಪ್ರದರ್ಶನ ಕಂಡಿತು.

ಥಿಯೇಟರ್ ತೆರೆದ ಮೇಲೆ ಹೆಚ್ಚಿನವರು ಈ ಕಿಟಕಿಯನ್ನು ಮುಚ್ಚಿಬಿಟ್ಟರು. ನಮ್ಮ ಉತ್ಸವದವರಲ್ಲಿ ಒಂದು ಮನವಿ: ಒಡೆಯರು ಒಪ್ಪುವ ಹತ್ತು ಹನ್ನೆರಡು ಚಿತ್ರಗಳನ್ನಾದರೂ, ಮಿತಿಯ ಟಿಕೆಟ್ಟಿನಲ್ಲೇ ಆಗಲಿ, ಪ್ರತಿ ವರ್ಷ ಆನ್‌ಲೈನಿನಲ್ಲಿಡಿ. ವಾರಗಟ್ಟಲೆ ರಜೆ ಹಾಕಿ ಬೆಂಗಳೂರಿಗೆ ಬಂದು ರೂಮು ಮಾಡಲಾಗದ ಬೀದರಿನ, ಕುಂದಾಪುರದ, ಕೊಳ್ಳೇಗಾಲದ ಪ್ರೇಕ್ಷಕರೂ ನಿಮ್ಮವರೇ.