ಬಿಸಿಲ ನಾಡಿನ ಅವಶೇಷಗಳು: ನೋಡಲು ಹೊರಡುವ ಮುನ್ನ

ಪ್ರವಾಸದ ಬಗ್ಗೆ ನಮ್ಮ ಮಾತುಕತೆ ಕಾರ್ಯಕ್ರಮ ಪ್ರಸಾರವಾದಾಗಲೆಲ್ಲ ವೀಕ್ಷಕರಿಂದ ಬರುವ ಪತ್ರಗಳಲ್ಲಿ ಈಜಿಪ್ಟ್ ದೇಶದ ಪ್ರಸ್ತಾಪ ಇದ್ದೇ ಇರುತ್ತದೆ. ಶಾಲೆಯ ಪುಸ್ತಕದಲ್ಲಿ ಕಂಡ ಪಿರಮಿಡ್ಡುಗಳನ್ನು ಒಮ್ಮೆ ಕಣ್ಣಾರೆ ನೋಡಬೇಕೆಂದು ನಿವೃತ್ತಿಯ ಹಣದಲ್ಲಿ ಒಂದು ಪಾಲನ್ನು ಎತ್ತಿಟ್ಟವರೂ ಇದ್ದಾರೆ. ಎಲ್ಲರ ಪ್ರಶ್ನೆ ಒಂದೇ: ‘ಎಷ್ಟು ದಿನದಲ್ಲಿ ಏನೇನು ನೋಡಬಹುದು?’ ಆದರೆ ಮೊದಲು ಕೇಳಬೇಕಾದದ್ದು, ‘ಯಾವ ತಿಂಗಳು? ದಿನದ ಯಾವ ಹೊತ್ತು?’ ಎಂದು.

ಈ ಪಾಠವನ್ನು ನಾನು ಕಲಿತದ್ದು ನಮ್ಮ ಹಂಪಿಯಲ್ಲಿ. ಕೆಲವು ವರ್ಷಗಳ ಹಿಂದೆ ಏಪ್ರಿಲ್ ತಿಂಗಳಲ್ಲಿ ಚಿತ್ರೀಕರಣಕ್ಕೆ ಹೋಗಿದ್ದೆವು. ದಿನದ ಪಟ್ಟಿ ತಯಾರಿಸಿದವನು ನಾನೇ. ಮಧ್ಯಾಹ್ನ ಎರಡರ ಹೊತ್ತಿಗೆ ವಿಠ್ಠಲ ದೇವಾಲಯದ ಅಂಗಳದಲ್ಲಿ ತಲೆನೋವೆಂದು ಕುಳಿತ ನಮ್ಮ ಸಹಾಯಕ, ಸ್ವಲ್ಪ ಹೊತ್ತಿಗೆ ಅಸಂಬದ್ಧವಾಗಿ ಮಾತನಾಡತೊಡಗಿದ. ಮುಟ್ಟಿದರೆ ಮೈ ಕಾದ ಕಲ್ಲಿನಂತಿತ್ತು. ನೆರಳಿಗೆ ಸಾಗಿಸಿ, ಮೈಮೇಲೆ ನೀರು ಸುರಿದು, ಗಾಳಿ ಬೀಸುತ್ತಲೇ ಆಸ್ಪತ್ರೆಗೆ ಒಯ್ದೆವು. ಪುಣ್ಯಕ್ಕೆ ಉಳಿದುಕೊಂಡ. ವಿಜ್ಞಾನ ಓದಿದ ನಾನು ಪಟ್ಟಿಯಲ್ಲಿ ಮಂಟಪಗಳನ್ನು ಎಣಿಸಿದ್ದೆನೇ ಹೊರತು ಸೂರ್ಯನನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ನಮ್ಮ ದೇಹ ತನ್ನನ್ನು ತಂಪಾಗಿಟ್ಟುಕೊಳ್ಳುವುದು ಮುಖ್ಯವಾಗಿ ಬೆವರಿನಿಂದ. ಒಂದು ಲೀಟರ್ ಬೆವರು ಆವಿಯಾಗುವಾಗ ಸುಮಾರು 580 ಕಿಲೋಕ್ಯಾಲೊರಿಯಷ್ಟು ಶಾಖವನ್ನು ಹೀರಿಕೊಳ್ಳುತ್ತದೆ. ಮಂಗಳೂರಿನಲ್ಲಿ ಬೆವರು ಅಂಗಿಗೆ ಅಂಟಿಕೊಂಡು ನಮ್ಮನ್ನು ಎಚ್ಚರಿಸುತ್ತದೆ. ಮರುಭೂಮಿಯ ಒಣಹವೆಯಲ್ಲಿ ಅದು ಅಲ್ಲಲ್ಲೇ ಆರಿಹೋಗುತ್ತದೆ. ‘ನನಗೆ ಬೆವರೇ ಇಲ್ಲ’ ಎಂದು ಸಮಾಧಾನಪಡುವಾಗಲೇ ದೇಹ ನೀರು, ಉಪ್ಪು ಎರಡನ್ನೂ ಕಳೆದುಕೊಳ್ಳುತ್ತಿರುತ್ತದೆ. ವಯಸ್ಸಾದವರಲ್ಲಿ ಬಾಯಾರಿಕೆಯ ಸೂಚನೆಯೂ ಮಂದ. ಆದ್ದರಿಂದ ಬಾಯಾರುವ ಮೊದಲೇ ನೀರು ಕುಡಿಯಬೇಕು.

ಇನ್ನು ತಿಂಗಳ ವಿಚಾರ. ದಕ್ಷಿಣ ಈಜಿಪ್ಟಿನ ಲಕ್ಸರ್ ನಗರದಲ್ಲಿ ಬೇಸಿಗೆಯ ಹಗಲಿನ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಜನವರಿಯಲ್ಲಿ ಅದೇ ಊರಿನಲ್ಲಿ ಹಗಲು 23 ಡಿಗ್ರಿಯ ಆಸುಪಾಸು. ರಾತ್ರಿ 10 ಡಿಗ್ರಿಗಿಂತ ಕೆಳಗಿಳಿಯುವುದರಿಂದ ಸ್ವೆಟರ್ ಬೇಕಾಗುತ್ತದೆ. ಮಾರ್ಚ್‌ನಿಂದ ಮೇವರೆಗೆ ಆಗಾಗ ಬೀಸುವ ಖಮ್ಸೀನ್ ಎಂಬ ಬಿಸಿಗಾಳಿ ಧೂಳನ್ನು ಹೊತ್ತು ತರುತ್ತದೆ. ಮಕ್ಕಳಿಗೆ ಬೇಸಿಗೆ ರಜೆಯೆಂದು ಏಪ್ರಿಲ್, ಮೇ ತಿಂಗಳಲ್ಲಿ ಹೊರಡುವುದು ಜಾಣತನವಲ್ಲ. ನವೆಂಬರಿನಿಂದ ಫೆಬ್ರವರಿಯವರೆಗಿನ ಕಾಲವೇ ಲೇಸು.

ಚಳಿಗಾಲವಾದರೂ ನಡುಹಗಲಿನ ಬಿಸಿಲು ಬಿಸಿಲೇ. ಲಕ್ಸರಿನಲ್ಲಿ ಎರಡು ದಿನಗಳನ್ನು ಹೀಗೆ ಹಂಚಿಕೊಳ್ಳಿ. ಮೊದಲ ದಿನ ಬೆಳಿಗ್ಗೆ ನೈಲ್ ನದಿಯ ಪಶ್ಚಿಮ ದಡದಲ್ಲಿರುವ ರಾಜರ ಕಣಿವೆ ಮತ್ತು ರಾಣಿ ಹತ್‌ಶೆಪ್‌ಸುತಳ ದೇಗುಲ. ಹನ್ನೊಂದರಿಂದ ಮೂರೂವರೆಯವರೆಗೆ ಊಟ, ವಿಶ್ರಾಂತಿ. ಸಂಜೆ ದೀಪದ ಬೆಳಕಿನಲ್ಲಿ ಪೂರ್ವ ದಡದ ಲಕ್ಸರ್ ದೇಗುಲ. ಮರುದಿನ ಬಾಗಿಲು ತೆರೆಯುತ್ತಿದ್ದಂತೆ ಕಾರ್ನಕ್. ಅಲ್ಲಿನ ಮಹಾಸಭಾಂಗಣದ 134 ಕಂಬಗಳ ನಡುವೆ ನಿಧಾನವಾಗಿ ಅಡ್ಡಾಡಿ. ಇದರಲ್ಲಿ ಇನ್ನೊಂದು ಲಾಭವೂ ಇದೆ. ಈಜಿಪ್ಟಿನ ಶಿಲ್ಪಿಗಳು ಹೊರಗೋಡೆಗಳ ಮೇಲೆ ಚಿತ್ರಗಳನ್ನು ಉಬ್ಬಿಸದೆ, ಕಲ್ಲಿನೊಳಕ್ಕೆ ಕೊರೆದದ್ದೇ ಹೆಚ್ಚು. ಓರೆ ಬಿಸಿಲು ಬಿದ್ದಾಗ ಕೊರೆದ ಅಂಚುಗಳಲ್ಲಿ ನೆರಳು ತುಂಬಿ ಗೆರೆಗಳು ಎದ್ದು ಕಾಣುತ್ತವೆ. ನಡುಹಗಲಿನಲ್ಲಿ ಎಲ್ಲವೂ ಸಪ್ಪೆ. ದೇಹಕ್ಕೆ ಹಿತವಾದ ಹೊತ್ತೇ ಕಣ್ಣಿಗೂ ಕ್ಯಾಮೆರಾಕ್ಕೂ ಹಿತವೆಂಬುದನ್ನು ಗಮನಿಸಿ.

ರಾಜರ ಕಣಿವೆಯ ಗೋರಿಗಳು ನೆಲದೊಳಗಿವೆ, ತಂಪಾಗಿರುತ್ತವೆ ಎಂದು ಭಾವಿಸಬೇಡಿ. ಜನ ಕಿಕ್ಕಿರಿದಾಗ ಒಳಗೆ ಸೆಕೆಯೇ. ಹೊರಗಿನವರ ಉಸಿರು, ಬೆವರುಗಳ ತೇವ ಗೋಡೆಯ ಚಿತ್ರಗಳಿಗೂ ಅಪಾಯ. 1922ರಲ್ಲಿ ಪತ್ತೆಯಾದ ತುತಾಂಖಾಮನ್ ಗೋರಿಯಲ್ಲಿ, 2019ರಲ್ಲಿ ಮುಗಿದ ಸಂರಕ್ಷಣಾ ಕಾರ್ಯದ ವೇಳೆ ಹೊಸ ವಾಯುಸಂಚಾರ ವ್ಯವಸ್ಥೆ ಅಳವಡಿಸಬೇಕಾಯಿತು. ಕಣಿವೆಯಲ್ಲಿ 60ಕ್ಕೂ ಹೆಚ್ಚು ಗೋರಿಗಳಿದ್ದರೂ ಸಾಮಾನ್ಯ ಟಿಕೆಟ್ ಮೂರಕ್ಕೆ ಮಾತ್ರ. ಮೂರನ್ನೇ ನೆಮ್ಮದಿಯಿಂದ ನೋಡಿ.

ಒಯ್ಯಬೇಕಾದವು ದುಬಾರಿಯಲ್ಲ. ಅಗಲ ಅಂಚಿನ ಟೋಪಿ ಅಥವಾ ಕೊಡೆ, ತುಂಬು ತೋಳಿನ ತಿಳಿ ಬಣ್ಣದ ಹತ್ತಿಯ ಉಡುಪು, ಮೆತ್ತನೆಯ ಬೂಟು, ನೀರಿನ ಬಾಟಲಿ, ಓಆರ್‌ಎಸ್ ಪೊಟ್ಟಣಗಳು. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿಕೊಳ್ಳಬಹುದು. ಸಕ್ಕರೆ ಕಾಯಿಲೆ ಇರುವವರೂ, ರಕ್ತದೊತ್ತಡಕ್ಕೆ ಅಥವಾ ಹೃದಯಕ್ಕೆ ಮಾತ್ರೆ ನುಂಗುವವರೂ ಹೊರಡುವ ಮುನ್ನ ವೈದ್ಯರನ್ನು ಕೇಳಿಕೊಳ್ಳಬೇಕು. ಮೂತ್ರದ ಬಣ್ಣ ಗಾಢವಾದರೆ ನೀರು ಸಾಲದೆಂದು ಅರ್ಥ. ತಲೆಸುತ್ತು, ವಾಕರಿಕೆ ಬಂದರೆ ಕೂಡಲೇ ನೆರಳು ಸೇರಿ. ಮಾತು ತೊದಲಿದರೆ, ಗೊಂದಲ ಕಂಡರೆ ಅದು ಬಿಸಿಲಾಘಾತ ಇರಬಹುದು. ಮೈ ತಣಿಸುತ್ತಲೇ ಆಸ್ಪತ್ರೆಗೆ ಒಯ್ಯಬೇಕು. ‘ಸ್ವಲ್ಪ ಹೊತ್ತು ನೋಡೋಣ’ ಎನ್ನುವಂತಿಲ್ಲ.

ಇಷ್ಟು ಹಣ ಕೊಟ್ಟು ಬಂದು ನಾಲ್ಕು ತಾಸು ಕೋಣೆಯಲ್ಲಿ ಮಲಗುವುದೇ ಎಂದು ನಿಮಗೆ ಅನ್ನಿಸಬಹುದು. ಹಂಪಿಯಲ್ಲಿ ನಾನೂ ಹಾಗೆಯೇ ಯೋಚಿಸಿದ್ದೆ. ಆ ಸಹಾಯಕ ಈಗಲೂ ನಮ್ಮ ತಂಡದಲ್ಲಿದ್ದಾನೆ. ನನ್ನ ಪಟ್ಟಿಯನ್ನು ಮೊದಲು ಅವನೇ ಓದುತ್ತಾನೆ. ಕಾರ್ನಕ್‌ನ ಕಂಬಗಳು 3000 ವರ್ಷಗಳಿಗೂ ಮಿಗಿಲಾಗಿ ನಿಂತಿವೆ. ನಿಮಗಾಗಿ ಮರುದಿನ ಬೆಳಗಿನವರೆಗೂ ನಿಂತಿರುತ್ತವೆ.